ಶೇಂಗಾ ಒಪ್ಪದ ಸಂಗೀತ

ವಯಸ್ಸಾದಂತೆ ಸಂಗೀತಗಾರರ ಕಲೆ ಮಾಗುತ್ತದಂತೆ. ನನ್ನ ಸೋದರಮಾವನ ಕಲೆ ಮಾತ್ರ ಹಳೇ ಪಂಚೆಯ ಹಾಗೆ ಸವೆಯುತ್ತ ಬಂತು! ಮೊದಲು ಅವರ ಕೃತಿಗಳಲ್ಲಿ ಸಾಹಿತ್ಯವಿತ್ತು, ತಾಳವಿತ್ತು, ಏಳೂ ಸ್ವರಗಳಿದ್ದವು. ಆಮೇಲೆ ಸಾಹಿತ್ಯ ಹೋಯಿತು, ತಾಳ ಹೋಯಿತು, ಸ್ವರಗಳೂ ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ಈಗ ಉಳಿದಿರುವುದು ವೀಣೆ, ಮಾವ ಮತ್ತು ನನ್ನ ತಲೆನೋವು.

ಮಾವ ಇರುವುದು ಮೊಳಕಾಲ್ಮುರುವಿನಲ್ಲಿ, ನಾವು ಚಳ್ಳಕೆರೆಯಲ್ಲಿ. ಹೊಸ ಕೃತಿ ಕಟ್ಟಿದರೆ ಸಾಕು, ಬಸ್ಸಿನಲ್ಲಿ ವೀಣೆಗೆ ಕಿಟಕಿ ಪಕ್ಕದ ಸೀಟು ಕೊಟ್ಟು, ತಾವು ನಿಂತುಕೊಂಡೇ ನಮ್ಮ ಮನೆಗೆ ಬಂದುಬಿಡುತ್ತಾರೆ. ಅದನ್ನು ಮೊದಲು ಕೇಳಬೇಕಾದವಳು ಅವರ ಅಕ್ಕ, ಅಂದರೆ ನಮ್ಮವ್ವ. ಅವ್ವನಿಗೆ ಸಂಗೀತದ ಗಂಧಗಾಳಿಯಿಲ್ಲ. ನಡುಮನೆಯಲ್ಲಿ ಕೂತು ಶೇಂಗಾ ಬಿಡಿಸುತ್ತಿರುತ್ತಾಳೆ. ಮಾವ ನುಡಿಸುವಾಗ ಅವಳ ಕೈ ತನ್ನಷ್ಟಕ್ಕೆ ನಿಂತರೆ ಕೃತಿ ಪಾಸು. ನಿಲ್ಲದಿದ್ದರೆ ಮಾವ ತುಟಿಪಿಟಕ್ಕೆನ್ನದೆ ವೀಣೆಗೆ ಗವಸು ಹಾಕಿ ಮುಂದಿನ ಬಸ್ಸು ಹಿಡಿಯುತ್ತಾರೆ. ದೊಡ್ಡ ದೊಡ್ಡ ವಿದ್ವಾಂಸರು ಭೇಷ್ ಎಂದರೂ ಅಷ್ಟೇ, ಶೇಂಗಾ ಒಪ್ಪದ ಕೃತಿ ಹೊರಗೆ ಹೋಗುವುದಿಲ್ಲ!

ನನ್ನ ಮದುವೆಗೆಂದೇ ಒಂದು ಕೃತಿ ಕಟ್ಟಿದರು. ಯಾವ ರಾಗದಲ್ಲಿ? ಮುಖಾರಿಯಲ್ಲಿ! ಅಳು ತರಿಸುವುದಕ್ಕೆಂದೇ ಹುಟ್ಟಿದ ರಾಗ. ಅವ್ವನ ಕೈಯೇನೋ ನಿಂತಿತ್ತು. ಮದುವೆ ದಿನ ಊಟಕ್ಕೆ ಕೂತ ಬೀಗರ ಕೈಗಳೂ ನಿಂತವು. ಹೆಣ್ಣು ಕೊಟ್ಟ ಮಾವನೋರು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಮನೇಲಿ ಯಾರಾದ್ರೂ ಹೋಗ್ಬಿಟ್ರೇನ್ರಿ? ಮುಚ್ಚಿಡಬ್ಯಾಡ್ರಿ" ಎಂದರು.

ಅದಾದ ಮೇಲೆ ಸೋದರಮಾವನಿಗೆ ಆಧುನಿಕತೆ ಮೆಟ್ಟಿಕೊಂಡಿತು. ಲೋಕದ ಸದ್ದೆಲ್ಲ ಸಂಗೀತವಂತೆ! ತಮ್ಮೂರಿನ ರೇಷ್ಮೆ ಮಗ್ಗ, ನಮ್ಮೂರಿನ ಎಣ್ಣೆ ಮಿಲ್ಲು ಎಲ್ಲ ಮುಗಿದು, ಕೊನೆಗೆ ನಮ್ಮ ಕುಕ್ಕರಿಗೆ ಬಂದರು. ಅಡುಗೆಮನೆ ಬಾಗಿಲಲ್ಲಿ ವೀಣೆ ಹಿಡಿದು ಕೂತು ನನ್ನ ಹೆಂಡತಿಗೆ, "ಸೀಟಿ ಶ್ರುತಿ ಸೇರ್ತಿಲ್ಲಮ್ಮ, ಇನ್ನೊಂದು ಹಿಡಿ ಬ್ಯಾಳೆ ಹಾಕು" ಎನ್ನುವುದು. ದಿನಾ ಬೇಳೆ ತಿಂದು ತಿಂದು ನಾವೇ ಸೀಟಿ ಹೊಡೆಯುವಂತಾಯಿತು!

ಒಂದು ದಿನ ಅವಳು ಕುಕ್ಕರ್ ನೋಡಿಕೊಳ್ಳಲು ಅವ್ವನಿಗೆ ಹೇಳಿ ಅಂಗಡಿಗೆ ಹೋಗಿದ್ದಳು. ನಾನು ಬಸ್‌ಸ್ಟ್ಯಾಂಡಿನಿಂದ ಮಾವನನ್ನು ಕರೆದುಕೊಂಡು ಬರುವಷ್ಟರಲ್ಲಿ ಕುಕ್ಕರ್ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದೆ. ಅವ್ವ ನಿರಾಳವಾಗಿ ಶೇಂಗಾ ಬಿಡಿಸುತ್ತಿದ್ದಾಳೆ! ಬೇಳೆ ತಳ ಹಿಡಿದು ಕಪ್ಪಾಗಿತ್ತು.

"ಸೀಟಿನೂ ಹಾಡು ಅಂತ ಅವ್ವಂಗೆ ಕಲಿಸಿಟ್ರಲ್ಲ ಮಾವ!" ಎಂದು ರೇಗಿದೆ. ಮಾವ ಅವ್ವನನ್ನೇ ನೋಡುತ್ತ ನಿಂತಿದ್ದರು.

ಮುಂದಿನ ಸಲ ಬಂದಾಗ ವೀಣೆಯಲ್ಲಿ ಸಣ್ಣ ತಂತಿಗಳೇ ಇರಲಿಲ್ಲ. ಬಿಚ್ಚಿ ಹಾಕಿದ್ದರು. ಉಳಿದಿದ್ದು ದಪ್ಪ ತಂತಿ ಮಾತ್ರ. ಧೊಂಯ್ ಎಂದು ಒಂದು ಸ್ವರ. ಟೀ ಕುಡಿದು ಲೋಟ ತೊಳೆದಿಡುವಷ್ಟು ಬಿಡುವು. ಮತ್ತೆ ಧೊಂಯ್! ಅವರೂರಿನಲ್ಲೇ ಕಚೇರಿ ಏರ್ಪಾಟಾಯಿತು. ಶ್ರುತಿ ಮಾಡಿಕೊಳ್ಳುತ್ತಿದ್ದಾರೆಂದು ಜನ ಪಾಪ ತಾಳ್ಮೆಯಿಂದ ಕಾದರು. ಮಾವ ಮಂಗಳವನ್ನೂ ಮುಗಿಸಿ ಕೈಮುಗಿದಾಗ ನನ್ನ ಪಕ್ಕದ ಹಿರಿಯರು ತೆಲುಗಿನಲ್ಲಿ, "ಎಪ್ಪುಡು ಮೊದಲು ಪೆಡತಾರು?" ಎಂದರು. ಯಾವಾಗ ಶುರು ಮಾಡ್ತಾರೆ ಅಂತ!

ಇಂಥವರಿಗೂ ಅದೃಷ್ಟ ಒಲಿಯಬೇಕೆ? ಮಾವನ ಹಳೆಯ ಕೃತಿಗಳನ್ನು ಮೆಚ್ಚಿದ್ದ ಬೆಂಗಳೂರಿನ ಇಬ್ಬರು, ಅವರ ಹೊಸ ಸಂಗೀತವನ್ನು ಧ್ವನಿಮುದ್ರಿಸಲು ಮುಂದೆ ಬಂದರು. ಜೀವಮಾನದಲ್ಲೇ ಮೊದಲ ಸಲ! ಒಂದೇ ಷರತ್ತು, ವೀಣೆಗೆ ಎಲ್ಲ ತಂತಿಗಳೂ ಇರಬೇಕು.

"ಅಕ್ಕ ಕೇಳ್ಲಿ, ಆಮ್ಯಾಲೆ ನೋಡಾನ" ಎಂದರು ಮಾವ. ಸರಿ, ಮೈಕು ಎಲ್ಲ ನಮ್ಮ ನಡುಮನೆಗೇ ಬಂತು. ನಾನು ಹೊಸ ತಂತಿಗಳನ್ನು ತಂದು ಮುಂದಿಟ್ಟು ಅಂಗಲಾಚಿದೆ.

"ಕಟ್ರಿ ಮಾವ. ನಿಮ್ಮ ಹೆಸರು ಉಳೀತೈತೆ. ಇದಕ್ಕೂ ಹಠ ಏನ್ರಿ?"

ಆಶ್ಚರ್ಯ, ಮಾವ ಸುಮ್ಮನೆ ಕಟ್ಟಿದರು. ಶ್ರುತಿ ಮಾಡಿ ನುಡಿಸಿದರು. ಅಬ್ಬಾ, ಅದೆಂಥ ನಾದ! ವೀಣೆ ಕಂಡರೆ ಹಿತ್ತಿಲಿಗೆ ಓಡುವ ನನಗೇ ಕಣ್ಣು ತುಂಬಿ ಬಂತು. ಬೆಂಗಳೂರಿನವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಆ ನಡುವೆ ಚಟ್, ಚಟ್ ಎಂದು ಶೇಂಗಾ ಒಡೆಯುವ ಸದ್ದು. ಅವ್ವನ ಕೈ ನಿಲ್ಲಲೇ ಇಲ್ಲ.

ಮಾವ ನನ್ನ ಕಡೆ ತಿರುಗಿ ಪಿಸುಗುಟ್ಟಿದರು. "ನೋಡಿದೇನ್ಲೇ? ಅಕ್ಕಂಗೆ ಸಣ್ಣ ತಂತಿ ಏರು ಸ್ವರ ಕೇಳಲ್ಲ. ಕುಕ್ಕರ್ ಕೂಗಿದ ದಿನಾನೇ ನಂಗೆ ಗೊತ್ತಾತು."

ಒಂದೇ ಮನೆಯಲ್ಲಿರುವ ನನಗೆ ಗೊತ್ತಾಗಿರಲಿಲ್ಲ. ಮಾವ ಹೊಸ ತಂತಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

"ಸಾರ್, ಹೀಗಾದ್ರೆ ನಮಗೆ ಕಷ್ಟ" ಎಂದರು ಬೆಂಗಳೂರಿನವರು.

"ಹಂಗಾದ್ರೆ ಬ್ಯಾಡ ಬಿಡ್ರಿ" ಎಂದು ಮಾವ ದಪ್ಪ ತಂತಿಯನ್ನು ಮೀಟಿದರು.

ಧೊಂಯ್.

ಅವ್ವನ ಕೈ ನಿಂತಿತು. ಅರ್ಧ ಬಿಡಿಸಿದ ಕಾಯಿ ಅಂಗೈಯಲ್ಲೇ ಉಳಿಯಿತು. ಅವಳ ಮುಖ ಅರಳಿತು.

"ಎಷ್ಟು ಚಂದ ಐತೋ ತಮ್ಮ" ಎಂದಳು. "ಇಷ್ಟೊತ್ತು ಯಾಕೆ ಸುಮ್ನೆ ಕೂತಿದ್ದೆ?"

ಮಾವ ಅವಳ ಕಡೆ ಬಾಗಿ, ದಪ್ಪ ದನಿಯಲ್ಲಿ ಹೇಳಿದರು:

"ಶ್ರುತಿ ಮಾಡ್ಕಂತಿದ್ದೆ ಕಣಕ್ಕ."