ತಲೆಗೆ ಸೂಜಿ ಹಾಕಿಸಿಕೊಂಡವರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆಯ ಒಬ್ಬ ಚರ್ಮದ ಡಾಕ್ಟರ ಹತ್ತಿರ ನರ್ಸಾಗಿದ್ದೆ. ತಲೆಯಲ್ಲಿ ಎಂಟಾಣೆಯಗಲ ಕೂದಲು ಉದುರಿ ನುಣ್ಣಗಾದ ಹೆಂಗಸರಿಗೆ ಅವರು ಆ ಜಾಗಕ್ಕೇ ಸಣ್ಣ ಸೂಜಿಯಿಂದ ಇಂಜೆಕ್ಷನ್ ಕೊಡುತ್ತಿದ್ದರು. ತುರಿಕೆಗೆ ಬಂದವರು ಮುಲಾಮು ತಗೊಂಡು ಸುಮ್ಮನೆ ಹೋಗುತ್ತಿದ್ದರು. ಕೂದಲಿಗೆ ಬಂದವರು ಮಾತ್ರ ಏನಾದರೊಂದು ಪ್ರಸಂಗ ಮಾಡಿಯೇ ಹೋಗುತ್ತಿದ್ದರು.

ಸೊಂಟಕ್ಕೇ ಹಾಕ್ರಿ

ತಳಕಿನ ಕಡೆಯ ಒಬ್ಬ ಹೆಂಗಸು, ಸೂಜಿ ತಲೆಗೆ ಎಂದ ಕೂಡಲೇ ಕುರ್ಚಿಯಿಂದ ಎದ್ದೇಬಿಟ್ಟರು.

"ತಲೆಗೆ ಬ್ಯಾಡ್ರಿ. ಎಲ್ಲಾರಿಗೂ ಹಾಕಂಗೆ ಸೊಂಟಕ್ಕೇ ಹಾಕ್ರಿ."

"ಹಾಕ್ತೀನಮ್ಮ, ನನಗೇನು? ಆಮೇಲೆ ಕೂದಲು ಅಲ್ಲೇ ಬೆಳೆದ್ರೆ ನನ್ನ ಕೇಳಬೇಡ," ಎಂದರು ಡಾಕ್ಟರು, ನಗದೇ.

ಆಕೆ ತಕ್ಷಣ ಕೂತು ತಲೆ ಬಗ್ಗಿಸಿದರು. ಸೂಜಿ ಹಾಕಿ ಮುಗಿಯುವ ತನಕ ಒಂದು ಕೈ ಮಾತ್ರ ಸೊಂಟದ ಮೇಲೇ ಇತ್ತು.

ಬಿಳಿ ಕೂದಲು

ಕೊಂಡ್ಲಹಳ್ಳಿಯ ಒಬ್ಬಾಕೆಗೆ ಮೂರು ಸಲ ಸೂಜಿ ಹಾಕಿದ ಮೇಲೆ ಕೂದಲು ಬಂತು. ಬಂದದ್ದು ಬೆಳ್ಳಗೆ! ಗಂಡನನ್ನು ಕರೆದುಕೊಂಡು ಜಗಳಕ್ಕೇ ಬಂದರು.

"ಡೇಟು ಮುಗಿದಿರೋ ಔಷಧಿ ಹಾಕೀರಿ. ಕರಿ ತಲೇಲಿ ಬಿಳಿ ಕೂದಲು ಬಂದೈತೆ."

ಮೊದಮೊದಲು ಹೀಗೆ ಬರುವುದುಂಟು ಎಂದು ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಗಂಡ ಬಾಯಿಬಿಟ್ಟ.

"ಔಷಧಿ ಸರಿಯಾಗೇ ಐತೆ ಬಿಡ್ರಿ. ಮಿಕ್ಕಿದ್ದಕ್ಕೆಲ್ಲ ಈಕೆ ಬಣ್ಣ ಹಚ್ತಾಳೆ. ಇದಕ್ಕಿನ್ನೂ ಹಚ್ಚಿಲ್ಲ!"

ಮಂಡಿ ನೋವು

ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಮದುವೆಗೆ ತಿಂಗಳೂ ಇರಲಿಲ್ಲ. ಕೂದಲು ಉದುರಿದ್ದು ಗೊತ್ತಾದರೆ ಗಂಡಿನವರು ಸಂಬಂಧ ಮುರಿದಾರೆಂದು ಹೆದರಿ, ಅವಳ ಅವ್ವ ಊರಲ್ಲಿ ಯಾರಿಗೂ ಹೇಳದೆ ಇಷ್ಟು ದೂರ ಕರೆತಂದಿದ್ದರು. ಇಬ್ಬರೂ ಬೆಂಚಿನ ಮೇಲೆ ಕೂತಿದ್ದಾಗ, ತಲೆ ತುಂಬ ಸೆರಗು ಹೊದ್ದ ಒಬ್ಬ ಹೆಂಗಸು ಒಳಗೆ ಬಂದರು. ನೋಡಿದರೆ ಗಂಡಿನ ತಾಯಿ! ಮೂವರ ಮುಖವೂ ಬಿಳಿಚಿಕೊಂಡಿತು.

"ಏನಕ್ಕಾ, ನೀವಿಲ್ಲಿ?" ಎಂದರು ಹುಡುಗಿಯ ಅವ್ವ.

"ಮಂಡಿ ನೋವು ಕಣವ್ವ."

"ನನ್ ಮಗಳಿಗೂ ಅದೇರಿ, ಮಂಡಿ ನೋವು!"

ನನಗೇನು ಗೊತ್ತು? "ತಲೆಗೆ ಸೂಜಿ ಹಾಕಿಸ್ಕೊಳೋರು ಬರ್ರಿ," ಎಂದು ಕೂಗಿಬಿಟ್ಟೆ. ಹುಡುಗಿಯೂ ಎದ್ದಳು, ಅತ್ತೆಯಾಗುವವರೂ ಎದ್ದರು.

ಹುಡುಗಿಯ ಅವ್ವ ಕಣ್ಣೀರು ಹಾಕುತ್ತಾ ಕೈ ಮುಗಿದರು. "ತೆಪ್ಪು ತಿಳ್ಕಬೇಡ್ರಿ, ಒಂದೇ ಒಂದು ಕಡೆ ಉದುರೈತೆ."

ಗಂಡಿನ ತಾಯಿ ಸೆರಗು ಸರಿಸಿ ತಲೆ ಬಗ್ಗಿಸಿ ತೋರಿಸಿದರು. "ನನಗೆ ಎರಡು ಕಡೆ. ಈಗ ನೀವೇ ಹೇಳ್ರಿ, ಸಂಬಂಧ ಇಟ್ಕಂತೀರೋ ಬಿಡ್ತೀರೋ?"

ಅಳುತ್ತಿದ್ದವರೂ ನಕ್ಕುಬಿಟ್ಟರು. ಹುಡುಗಿ ಮೊದಲು ಹಾಕಿಸಿಕೊಂಡಳು, ತುಟಿ ಕಚ್ಚಿಕೊಂಡು. ಅತ್ತೆ ಮೆಲ್ಲಗೆ ಕೇಳಿದರು: "ನೋವಾಗ್ತೈತೇನೇ?"

"ಇಲ್ಲ ಅತ್ತೆ, ಇರುವೆ ಕಚ್ಚಿದಂಗೆ, ಅಷ್ಟೇ."

ಅತ್ತೆ ಧೈರ್ಯವಾಗಿ ಕೂತರು. ಸೂಜಿ ತಾಗಿತೋ ಇಲ್ಲವೋ, ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡರು:

"ಅಯ್ಯಯ್ಯೋ! ಇನ್ನೂ ತಾಳಿ ಕಟ್ಟಿಲ್ಲ, ಆಗಲೇ ಅತ್ತೆಗೆ ಸುಳ್ಳು ಹೇಳ್ತಾಳಲ್ರೋ!"