ಒಂದೂವರೆ ನಕ್ಷತ್ರದ ಮರುಮೌಲ್ಯಮಾಪನ

ನಮ್ಮ ಸೋದರತ್ತೆಯ ಕೈಗೆ ಮದುವೆಯ ಕರೆಯೋಲೆ ಕೊಟ್ಟು ನೋಡಿ, ಹತ್ತಕ್ಕೆ ಆರೂವರೆ ಹಾಕಿ ವಾಪಸ್ ಕೊಡುತ್ತಾರೆ! ಶಾಲೆಯಿಂದ ಅತ್ತೆ ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಕೆಂಪು ಪೆನ್ನು ಮಾತ್ರ ಇನ್ನೂ ಸೇವೆಯಲ್ಲಿದೆ. ತ್ಯಾಗರಾಜನಗರದ ದರ್ಶಿನಿಯಲ್ಲಿ ಗಲಾಟೆ ಜಾಸ್ತಿಯಾದರೆ ಟಪ್, ಟಪ್, ಟಪ್ ಎಂದು ಮೂರು ಚಪ್ಪಾಳೆ ತಟ್ಟುತ್ತಾರೆ. ನರೆತ ಮೀಸೆಯವರೊಬ್ಬರು ಕಾಫಿ ಲೋಟ ಕೆಳಗಿಟ್ಟು ಕೈಕಟ್ಟಿ ನಿಂತಿದ್ದನ್ನು ನಾನೇ ಕಂಡಿದ್ದೇನೆ!

ಚಿಕ್ಕಂದಿನಿಂದ ಇಂಥವರ ಮನೆಯಲ್ಲಿದ್ದುಕೊಂಡು ಸಿನಿಮಾ ವಿಮರ್ಶೆ ಬರೆಯುವುದು ಹೇಗೆ, ಹೇಳಿ?

ಹುಡುಗರೆಲ್ಲ ಹುಚ್ಚೆದ್ದು ಕೇಳುವ ಪಾಪ್ ಗಾಯಕಿಯೊಬ್ಬಳು ಮೊನ್ನೆ ಮೊದಲ ಸಲ ನಾಯಕಿಯಾದಳು. ನಾನು ವೆಬ್‌ಸೈಟೊಂದಕ್ಕೆ ವಿಮರ್ಶೆ ಬರೆದು ಒಂದೂವರೆ ನಕ್ಷತ್ರ ಕೊಟ್ಟೆ. ‘ಮೈಕು ಕಿತ್ತುಕೊಂಡರೆ ಈಕೆಯ ಬಳಿ ಉಳಿಯುವುದು ಕೂದಲು ಮಾತ್ರ.’ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾಲಿಗೆ ನನ್ನದು. ಆ ಸಾಲು ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿತ್ತು.

ಮರುದಿನ ಅದೇ ಸಿನಿಮಾದ ಬೆಳಗಿನ ಆಟಕ್ಕೆ ಹೋಗಿಬಂದಿದ್ದ ಅತ್ತೆ ನನ್ನ ವಿಮರ್ಶೆಯನ್ನು ಪ್ರಿಂಟ್ ತೆಗೆಸಿಕೊಂಡು ಕೂತರು.

“ಕೊನೇ ಸೀನ್ ಬಗ್ಗೆ ಒಂದಕ್ಷರ ಇಲ್ವಲ್ಲೇ? ಇಂಟರ್ವಲ್ಲಿಗೇ ಎದ್ದು ಬಂದ್ಯಾ?”

ಸಿಕ್ಕಿಬಿದ್ದೆ. ಆದರೆ ವಾದ ಬಿಡುತ್ತೇನೆಯೇ? “ಫಸ್ಟ್ ಹಾಫಲ್ಲಿ ಬರದೇ ಇರೋ ನಟನೆ ಸೆಕೆಂಡ್ ಹಾಫಲ್ಲಿ ಬಂದ್ಬಿಡತ್ತಾ ಅತ್ತೆ? ಪಾಪ್‌ಕಾರ್ನ್ ತಿನ್ನೋ ಹೊತ್ತಲ್ಲಿ ಕಲ್ತ್ಬಿಟ್ಳಾ?”

“ಅಷ್ಟು ವರ್ಷ ಪೇಪರ್ ತಿದ್ದಿದೀನಿ, ಅರ್ಧ ಓದಿ ಯಾರನ್ನೂ ಫೇಲ್ ಮಾಡಿಲ್ಲ. ನೀನು ಹೀಗೆ ಬರದ್ಮೇಲೆ ಆ ಹುಡುಗಿಗೆ ಇನ್ನೊಂದು ಸಿನಿಮಾ ಯಾರು ಕೊಡ್ತಾರೆ? ನಡಿ, ಚಪ್ಪಲಿ ಹಾಕ್ಕೋ.”

ನನ್ನ ವಿಮರ್ಶೆಯ ತಲೆಯ ಮೇಲೆ ಕೆಂಪಕ್ಷರ: ‘ಅಪೂರ್ಣ. ಸೊನ್ನೆ.’

ಮ್ಯಾಟಿನಿಯಲ್ಲಿ ಇಪ್ಪತ್ತು ಜನರಿದ್ದರೆ ಹೆಚ್ಚು. ಅವಳು ಅತ್ತರೆ ನೆಗಡಿಯಾದಂತೆ ಕಾಣುತ್ತಿತ್ತು.

“ನೋಡಿದ್ರಾ?” ಎಂದೆ.

“ಇನ್ನೂ ಇಂಟರ್ವಲ್ ಆಗಿಲ್ಲ.”

ಕೊನೆಯ ದೃಶ್ಯ ಬಂತು. ಕಥೆಯಲ್ಲೂ ಅವಳು ಗಾಯಕಿಯೇ. ವೇದಿಕೆಗೆ ಬಂದು ಮೈಕು ಹಿಡಿದಳು, ದನಿ ಹೊರಡಲಿಲ್ಲ. ಹಿನ್ನೆಲೆಯಲ್ಲಿ ಸಂಗೀತವೂ ಇಲ್ಲ. ಓಡಿಹೋಗಲೂ ಇಲ್ಲ, ಸುಮ್ಮನೆ ನಿಂತಳು. ಅವಳ ಗಂಟಲು ಏರಿಳಿಯುವುದನ್ನು ನೋಡುತ್ತಾ ಕೈಯಲ್ಲಿದ್ದ ಪಾಪ್‌ಕಾರ್ನ್ ಬಾಯಿಗೆ ಹಾಕುವುದನ್ನೇ ಮರೆತೆ.

ಹಿಂದಿನಿಂದ ಯಾರೋ ಕೂಗಿದ: “ಮೈಕು ಕೊಟ್ಬಿಡಮ್ಮ, ಕೂದ್ಲು ಇದ್ಯಲ್ಲ!”

ನನ್ನದೇ ಸಾಲು! ಎಲ್ಲರೂ ನಕ್ಕರು.

ಟಪ್, ಟಪ್, ಟಪ್.

ಥಿಯೇಟರ್ ಗಪ್‌ಚುಪ್ಪಾಯಿತು. ನಾನು ಅತ್ತೆಯ ಕಡೆ ತಿರುಗಿದೆ.

ಏಳನೇ ಕ್ಲಾಸಿನಲ್ಲಿ, ನನ್ನ ಮೊದಲ ಚರ್ಚಾಸ್ಪರ್ಧೆ. ಎರಡನೇ ವಾಕ್ಯಕ್ಕೇ ಮಾತು ಮರೆತು ನಿಂತಿದ್ದೆ. ಸಭಾಂಗಣವೆಲ್ಲ ನಗುತ್ತಿತ್ತು. ಆಗ ಹಿಂದಿನ ಸಾಲಿನಿಂದ ಮೂರು ಚಪ್ಪಾಳೆ. ನಗು ನಿಂತಿತು, ಮಾತು ಮರಳಿತು. ಯಾರೋ ಮೇಷ್ಟ್ರಿರಬೇಕು ಎಂದುಕೊಂಡಿದ್ದೆ. ಅತ್ತೆಯಂತೂ “ನಾನಿದ್ರೆ ನೀನು ಹೆದರ್ತೀಯ, ಬರಲ್ಲ” ಎಂದು ಮನೆಯಲ್ಲೇ ಉಳಿದಿದ್ದರಲ್ಲ.

“ಅತ್ತೆ, ಅವತ್ತು ನನ್ನ ಸ್ಕೂಲಿಗೆ ನೀವು…”

“ಮಾತಾಡ್ಬೇಡ,” ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. “ಪೇಪರ್ ಇನ್ನೂ ಮುಗ್ದಿಲ್ಲ.”