ಬಾರ್‌ಕೋಡಿಗೆ ಬಿಸಿಲು ತೋರಿಸಿದ್ದು

ಹಪ್ಪಳದ ಪ್ಯಾಕೆಟ್ಟುಗಳನ್ನು ಜೋಡಿಸುತ್ತ ಅಂಗಡಿಯ ಆಳು ಮಂಜ ಆಡಿದ ಒಂದು ಮಾತಿನಿಂದ ನಂದನ ಭಟ್ಟನ ದಿನ ಕೆಟ್ಟಿತು.

“ಬಾರ್‌ಕೋಡ್ ಮಷೀನು ಬಂದ್ಮೇಲೆ ಬಿಲ್ ಬರೆಯೋರು ಎಂತಕ್ಕೆ ಭಟ್ರೇ? ಅದ್ರ ಮುಂದೆ ಹಿಡಿದ್ರೆ ಸಾಕಂತೆ, ರೇಟು ಬತ್ತದೆ. ನೀವು ಮನೆಗೆ.”

ಸಿರಸಿಯ ಆ ಅಂಗಡಿಯಲ್ಲಿ ಹಪ್ಪಳ, ಉಪ್ಪಿನಕಾಯಿ, ಕೋಕಂ ಎಲ್ಲದರ ಬೆಲೆ ನಂದನನ ಬಾಯಲ್ಲಿತ್ತು. ಬಿಲ್ಲು ಅವನ ಕೈಯಲ್ಲಿತ್ತು. ಪೇಟೆಯಲ್ಲಿ ಕೆಲಸಕ್ಕಿದ್ದಾನೆ ಎಂಬ ಒಂದೇ ಕಾರಣಕ್ಕೆ ಸಿದ್ದಾಪುರದವರು ಹೆಣ್ಣು ಕೊಡಲು ಒಪ್ಪಿದ್ದರು. ಮುಂದಿನ ತಿಂಗಳು ಮದುವೆ. ಕೆಲಸ ಹೋದರೆ ಹೆಣ್ಣೂ ಹೋಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಷ್ಟರಲ್ಲಿ ಹುಬ್ಬಳ್ಳಿಯ ಏಜೆಂಟ್ ದ್ಯಾಮಪ್ಪ ಬಾರ್‌ಕೋಡ್ ಚೀಟಿ ಅಚ್ಚುಹಾಕುವ ಸಣ್ಣದೊಂದು ದೊಡ್ಡದೊಂದು ಪ್ರಿಂಟರು, ಒಂದು ಸ್ಕ್ಯಾನರು ತಂದು ಮೇಜಿನ ಮೇಲಿಟ್ಟ. ಅಂಗಡಿಯ ಒಡತಿ ರಾಜೀವಿಯಕ್ಕ ನಂದನನನ್ನು ಕರೆದಳು.

“ಯಾವ್ದು ತಗಳವು ಹೇಳಿ ನೀನೇ ನೋಡು. ಸಂಜೆವರೆಗೆ ಟೈಮಿದ್ದು.”

ನೇಣಿಗೆ ಹಗ್ಗವನ್ನೂ ತಾನೇ ಆರಿಸಬೇಕಾದವನಂತೆ ನಂದನ ತಲೆಯಾಡಿಸಿದ.

“ಸಣ್ಣದಕ್ಕ ಮಸಿ ಬ್ಯಾಡ್ರಿ, ಕಾಗದಾನ ಬಿಸಿಗೆ ಅಚ್ಚಾಗ್ತದ. ದೊಡ್ಡದಕ್ಕ ಮಸಿ ರಿಬ್ಬನ್ ಬೇಕು, ಖರ್ಚು ಹೆಚ್ಚು,” ಎಂದಷ್ಟೇ ಹೇಳಿ ದ್ಯಾಮಪ್ಪ ವೈರು ಬಿಡಿಸತೊಡಗಿದ.

ಸಣ್ಣದರಲ್ಲಿ ಚೀಟಿ ತೆಗೆದು ಹಲಸಿನ ಹಪ್ಪಳದ ಪ್ಯಾಕೆಟ್ಟಿಗೆ ಅಂಟಿಸಿದರು. ಸ್ಕ್ಯಾನರು ಕೆಂಪು ಕಣ್ಣು ಬಿಟ್ಟು ಕುಂಯ್ ಎಂದಿತು. ನಂದನನ ಎದೆಯೂ ಹಾಗೇ ಎಂದಿತು.

ಕಟ್ಟಿದ ಪ್ಯಾಕೆಟ್ಟಿಗೂ ಮಾರುವ ಮುನ್ನ ಒಮ್ಮೆ ಬಿಸಿಲು ತೋರಿಸುವುದು ಅಂಗಡಿಯ ಪದ್ಧತಿ. ಮಧ್ಯಾಹ್ನ ಮಂಜ ಚೀಟಿ ಅಂಟಿಸಿದ್ದನ್ನೂ ಉಳಿದವುಗಳ ಜೊತೆ ತಗಡಿನ ಮಾಡಿನ ಮೇಲಿಟ್ಟ. ತರಲು ಹತ್ತಿದ ನಂದನ ನೋಡುತ್ತಾನೆ, ಚೀಟಿ ಸೀದ ದೋಸೆಯ ಹಾಗೆ ಕಪ್ಪಾಗಿದೆ. ಗೆರೆಯೂ ಇಲ್ಲ, ಬೆಲೆಯೂ ಇಲ್ಲ.

ಈ ಸಣ್ಣದನ್ನೇ ಕೊಂಡರೆ ವಾರದೊಳಗೆ ಮೂಲೆ ಸೇರುತ್ತದೆ. ಬಿಲ್ಲು ಮತ್ತೆ ತನ್ನ ಕೈಗೆ. ಯಾರೂ ಕಾಣುವ ಮೊದಲು ಪ್ಯಾಕೆಟ್ಟನ್ನು ಅಂಗಿಯೊಳಗೆ ತುರುಕಿಕೊಂಡ. ಹಪ್ಪಳ ಮಾತ್ರ ಚೆನ್ನಾಗಿ ಒಣಗಿತ್ತು. ಏಣಿ ಇಳಿಯುವಾಗ ಕರ್ ಎಂದಿತು. ಉಸಿರೆಳೆದರೂ ಕರ್.

“ಹೊಟ್ಟಿ ಹಸದೈತೇನ್ರಿ ನಿಮಗ?” ದ್ಯಾಮಪ್ಪ ಕೇಳಿದ.

“ಮದ್ವೆ ಹತ್ರ ಬಂತಲ, ವಾಲಗ ಒಳಗೇ ಶುರುವಾಗ್ಯದೆ,” ಎಂದ ಮಂಜ.

ಸಂಜೆ ನಂದನ ಉಸಿರು ಬಿಗಿಹಿಡಿದು ರಾಜೀವಿಯಕ್ಕನ ಎದುರು ನಿಂತ. “ಸಣ್ಣದೇ ಅಡ್ಡಿಲ್ಲೆ ಅಕ್ಕ. ಖರ್ಚು ಕಡಿಮೆ.”

ರಾಜೀವಿಯಕ್ಕ ಸಣ್ಣ ಪ್ರಿಂಟರನ್ನು ಪಕ್ಕಕ್ಕೆ ಸರಿಸಿದಳು.

“ಬಿಸಿಲಿಗೆ ಅದು ಕಪ್ಪಾಗ್ತು ಹೇಳಿ ದ್ಯಾಮಪ್ಪ ಫೋನಲ್ಲೇ ಹೇಳಿದ್ದ. ಆದ್ರೂ ಎರಡೂ ತರವು, ಬಾಯಿ ಬಿಡಲಾಗ ಹೇಳಿ ಆನೇ ಹೇಳಿದ್ದೆ. ಯಲ್ಲಾಪುರದಲ್ಲಿ ಇನ್ನೊಂದು ಅಂಗಡಿ ತೆಗಿತೆ. ಅದ್ನ ನಿಂಗೇ ವಹಿಸವು ಹೇಳಿ ಇತ್ತು. ಕಣ್ಣಿಟ್ಟು ನೋಡ್ತ್ಯಾ ಕಾಂಬನ ಹೇಳಿ. ನಿಂಗೆ ಗೊತ್ತೇ ಆಜಿಲ್ಯಾ?”

ಗೊತ್ತಾಗಿತ್ತು ಎಂದರೆ ಕಳ್ಳ. ಇಲ್ಲ ಎಂದರೆ ದಡ್ಡ. ಯಲ್ಲಾಪುರದ ಅಂಗಡಿ ಎರಡರಲ್ಲೂ ಇರಲಿಲ್ಲ. ದಡ್ಡರಿಗೆ ಹೆಣ್ಣು ಸಿಕ್ಕಿದ್ದನ್ನು ನಂದನ ಕಂಡಿದ್ದ.

“ಗೊತ್ತಾಜಿಲ್ಲೆ ಅಕ್ಕ.”

ರಾಜೀವಿಯಕ್ಕನಿಗೆ ಸಮಾಧಾನವಾದಂತೆ ಕಂಡಿತು. “ಕಳ್ಳ ಅಲ್ಲ ಹೇಳಾತು, ಬಿಡು. ಆನು ದೊಡ್ಡದೇ ತಗತ್ತೆ. ದಡ್ಡರು ಮಾಡೋ ಕೆಲಸ ಎಲ್ಲ ನಾಳೆಯಿಂದ ಅದೇ ಮಾಡ್ತು.”